ದುಂಡೇಶ ಗೋವೆಗೆ ಹೊರಟದ್ದು

ಆ ನೀಲಿ ಚೀಲವನ್ನು ಬೆನ್ನಿಗೇರಿಸಿದರೆ ಹಿಂದಿನಿಂದ ದುಂಡೇಶ ಕಾಣುತ್ತಲೇ ಇರಲಿಲ್ಲ. ಚೀಲಕ್ಕೇ ಕಾಲು ಬಂದು ನಡೆದಂತಿರುತ್ತಿತ್ತು. ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಅದನ್ನು ಕೊಂಡು ತಂದು, ಅಟ್ಟದ ಮೇಲೆ ಹಳೆಯ ಕಂಬಳಿಯಡಿ ಮುಚ್ಚಿಟ್ಟಿದ್ದ.

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಒಂದೇ ಯಂತ್ರದ ಮುಂದೆ ನಿಂತು ನಿಂತು ನರೆ ಬರಿಸಿಕೊಂಡವನು ಆತ. ಒಂದು ದಿನ ಕೋಗಿಲಬನದ ಚಹಾದಂಗಡಿಯಲ್ಲಿ ಇಬ್ಬರು ವಿದೇಶಿ ಹುಡುಗರು ಬೆನ್ನಿನ ಚೀಲ ಇಳಿಸಿ ಕೂತಿದ್ದರು. ಹಂಪಿ, ಬದಾಮಿ, ಗೋಕರ್ಣ, ಗೋವೆ ಎಲ್ಲವನ್ನೂ ರೈಲಿನಲ್ಲಿ ಸುತ್ತಿ, ಕಡಲ ದಂಡೆಯ ಹಳ್ಳಿಗಳಲ್ಲಿ ಮಲಗೆದ್ದು ಬಂದಿದ್ದರಂತೆ. ಕೇಳುವವರಿಲ್ಲ, ಹೇಳುವವರಿಲ್ಲ. ಅಂದಿನಿಂದ ದುಂಡೇಶನಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ಕಾರ್ಖಾನೆ ದುರಸ್ತಿಗೆಂದು ಒಂದು ವಾರ ಬಾಗಿಲು ಹಾಕಿದ್ದೇ ತಡ, ಹೊರಟುಬಿಟ್ಟ.

ಹೆಂಡತಿ ಸುವರ್ಣಾಳನ್ನು ಕರೆಯಬಹುದಿತ್ತು. ಕಡಲು ನೋಡಬೇಕೆಂದು ಆಕೆ ಮದುವೆಯಾದಾಗಿನಿಂದ ಹೇಳುತ್ತಿದ್ದಳು. ಆದರೆ ಆಕೆ ಬಂದರೆ ಸ್ಟೋವ್ ಬರುತ್ತದೆ, ಹಾಸಿಗೆ ಸುರುಳಿ ಬರುತ್ತದೆ, ಉಪ್ಪಿನಕಾಯಿ ಭರಣಿ ಬರುತ್ತದೆ. ಆಕೆ ನೀರಿಗೆ ಹೋದ ಹೊತ್ತು ನೋಡಿ ದುಂಡೇಶ ಹಿತ್ತಲಿನಿಂದ ಹೊರಬಿದ್ದ.

ಹಿತ್ತಲಲ್ಲಿ ಪಕ್ಕದ ಮನೆಯ ಮಾಲವ್ವ ಬೂದಿ ಚೆಲ್ಲುತ್ತಿದ್ದಳು.

"ಇಷ್ಟ ದೊಡ್ಡ ಚೀಲ ಹೊತಗೊಂಡು ಎಲ್ಲಿಗಿ ಹೊಂಟಿ, ದುಂಡೇಶಪ್ಪಾ?"

"ಸಾಂಬ್ರಾಣಿಗೆ, ಗೆಳ್ಯಾನ ಮನಿಗೆ. ಸಂಜಿಗೆ ಬರ್ತೇನಿ."

ಸಂಜೆ ಬರುವವನಿಗೆ ಇದೆಲ್ಲ ಯಾಕೆಂದು ಮಾಲವ್ವ ಕೇಳಲಿಲ್ಲ. ಮಾಲವ್ವ ಕೇಳದೆ ಬಿಟ್ಟಳೆಂದರೆ ಏನೋ ಕಾದಿದೆ ಎಂಬುದು ದುಂಡೇಶನಿಗೆ ಹೊಳೆಯಲಿಲ್ಲ.

ದಾಂಡೇಲಿಯಲ್ಲಿ ಹಳಿಯಿದ್ದರೂ ಆಗ ಜನ ಹತ್ತುವ ರೈಲಿರಲಿಲ್ಲ, ಅಳ್ನಾವರಕ್ಕೇ ಹೋಗಬೇಕು. ಬಸ್ಸು ಹಳಿಯಾಳದಲ್ಲಿ ನಿಂತಾಗ ಕಿಟಕಿಯಿಂದ ಒಂದು ಕೈ ಬಂದು ಆತನ ಅಂಗಿ ಹಿಡಿಯಿತು. ಅದು ಸುವರ್ಣಾಳ ಸೋದರಮಾವ ಕರಿಬಸಪ್ಪನ ಕೈ. ನಿಲ್ದಾಣದೆದುರು ಆತನ ಕಾಳಿನ ಅಂಗಡಿ, ಅಂಗಡಿಯಲ್ಲಿ ಫೋನು. ಚೀಲ ಟಿಬೆಟನ್ ಕಾಲೊನಿಯದೆಂದು ಗುರುತು ಹಿಡಿದು ಮಾಲವ್ವ ಎಸ್‌ಟಿಡಿ ಬೂತಿಗೆ ಓಡಿದ್ದಳು.

"ಇಳಿ ಕೆಳಗ. ಟಿಬೇಟದವ್ರ ಮಠ ಸೇರಿ ತಲಿ ಬೋಳಿಸ್ಕೋತಿಯಂತ. ನಮ್ಮ ಹುಡಗಿ ಗತಿ ಏನು?"

"ಚೀಲ ಅಷ್ಟ ಅಲ್ಲಿಂದ ತಂದೇನಿ ಮಾವಾ."

"ಮೊದಲ ಚೀಲ ತರ್ತಾರ. ಆಮ್ಯಾಲೆ ಕಾವಿ."

ಹಿಂದಿನ ಸೀಟಿನ ಮುದುಕಿ, "ಹೇಣ್ತಿ ಬಾಯಿ ಜೋರಿರಬೇಕು, ಪಾಪ," ಎಂದಳು. ಕಂಡಕ್ಟರ್, "ಮಠಕ್ಕ ಹೋಗಾವ್ರು ಮುಂಡಗೋಡ ಬಸ್ ಹತ್ತಬೇಕ್ರಿ," ಎಂದು ದಾರಿ ತೋರಿಸಿದ. ದುಂಡೇಶ ಇಳಿಯಲಿಲ್ಲ, ಕರಿಬಸಪ್ಪನೇ ಹತ್ತಿದ. ಎತ್ತನ್ನು ಸಂತೆಗೆ ಒಯ್ಯುವವನಂತೆ ಅಳ್ನಾವರದವರೆಗೂ ಚೀಲದ ಪಟ್ಟಿ ಬಿಡಲಿಲ್ಲ.

ದುಂಡೇಶ ಗೋವೆಯ ಟಿಕೇಟು ಕೊಂಡು ಪ್ಲಾಟ್‌ಫಾರ್ಮಿಗೆ ಬರುವಷ್ಟರಲ್ಲಿ ಸುವರ್ಣಾ ಮತ್ತು ಮಾಲವ್ವ ಜೀಪಿನಿಂದ ಇಳಿದು ಬಂದರು. ಸುವರ್ಣಾಳ ಕಂಕುಳಲ್ಲಿ ಸೀರೆಗಳ ಗಂಟು. ಗಂಡ ಬಿಟ್ಟುಹೋದರೆ ಅಲ್ಲಿಂದಲೇ ತವರಿಗೆ ಹೋಗಲೆಂದು ಮಾಲವ್ವ ಕಟ್ಟಿಸಿದ್ದಳು. ಅಳು ನೋಡಲು ಹಮಾಲರೂ ಹತ್ತಿರ ಬಂದು ನಿಂತರು. ಸುವರ್ಣಾ ಅಳಲಿಲ್ಲ.

"ಖರೇ ಎಲ್ಲಿಗಿ ಹೊಂಟೀರಿ?"

"ಗೋವಾ. ಆಮ್ಯಾಲೆ ಗೋಕರ್ಣ, ಬದಾಮಿ, ಹಂಪಿ. ನಾಕ ಊರ ನೋಡಿ ಬರೂಣು ಅಂತ."

"ಒಬ್ಬರ?"

ದುಂಡೇಶ ತಲೆ ತಗ್ಗಿಸಿದ. ಅವಸರದಲ್ಲಿ ಆಕೆ ಬೇರೆ ಬೇರೆ ಜೋಡಿಯ ಹವಾಯಿ ಚಪ್ಪಲಿ ಮೆಟ್ಟಿ ಬಂದಿದ್ದಳು. ಒಂದು ಅವನದೇ. ಬಾ ಎನ್ನುವ ಒಂದಕ್ಷರ ಬೆಳಿಗ್ಗೆ ತನ್ನ ಬಾಯಿಂದ ಯಾಕೆ ಬರಲಿಲ್ಲವೋ ಎಂದುಕೊಂಡ.

"ತಪ್ಪಾತು, ಸುವರ್ಣಾ. ನಡಿ, ಹೋಗೂಣು."

ಆಕೆ ಕೈ ಚಾಚಿದಳು. "ಹಂಗಾರ ಇನ್ನೊಂದ ಟಿಕೇಟ ತರ್ರಿ. ಇದ್ದದ್ದು ನನ್ನ ಕಡೆ ಕೊಡ್ರಿ, ಕಳೀತೀರಿ."

ದುಂಡೇಶ ಟಿಕೇಟು ಆಕೆಯ ಕೈಗಿತ್ತು, ಚೀಲ ಇಳಿಸಿ, ಮದುಮಗನಂತೆ ಓಡಿದ. ಸರದಿಯಲ್ಲಿದ್ದವರ ಗದ್ದ ಹಿಡಿದು ಬೇಡಿ ಟಿಕೇಟು ತರುವಷ್ಟರಲ್ಲಿ ರೈಲು ಬಂದು ನಿಂತಿತ್ತು. ಸುವರ್ಣಾ ಆಗಲೇ ಕಿಟಕಿಯ ಪಕ್ಕ ಕೂತಿದ್ದಳು. ಆತ ಟಿಕೇಟು ಚಾಚಿದ. ಆಕೆ ಅದನ್ನು ತೆಗೆದುಕೊಂಡು ಎದುರು ಸೀಟಿಗೆ ಕೊಟ್ಟಳು.

"ಜ್ವಾಕಿ ಇಟ್ಕೋ, ಮಾಲವ್ವಾ."

"ಮತ್ತ ನನಗ?" ಎಂದ ದುಂಡೇಶ.

"ನೀವ್ ಬಂದ್ರ ಅಲ್ಲೀನೂ ನಿಮಗ ಬಿಸಿನೀರು ಕಾಸಬೇಕು, ಅಂಗಿ ಒಗೀಬೇಕು." ದನಿಯಲ್ಲಿ ಸಿಟ್ಟಿರಲಿಲ್ಲ. "ವಾರಕ್ಕ ಬರ್ತೇವಿ."

ರೈಲು ಹೊರಟಿತು. ಪ್ಲಾಟ್‌ಫಾರ್ಮು ಮುಗಿಯುವವರೆಗೆ ಆತ ಪಕ್ಕದಲ್ಲಿ ನಡೆದ. ಹಿಂತಿರುಗಿದರೆ ಕರಿಬಸಪ್ಪ ಒಂದು ಗಂಟು ಹಿಡಿದು ನಿಂತಿದ್ದ; ಸುವರ್ಣಾಳ ಸೀರೆಗಳಿಗೆ ಜಾಗ ಮಾಡಲು ಚೀಲದಿಂದ ಹೊರಬಿದ್ದ ದುಂಡೇಶನ ಅಂಗಿ, ಲುಂಗಿ, ಕ್ಷೌರದ ಡಬ್ಬಿ.

ತಿರುಗಿ ಬರುವ ಬಸ್ಸಿನಲ್ಲಿ ಆತ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಕಡಲು ತಪ್ಪಿತೆಂದು ಅಷ್ಟು ಸಂಕಟವಿರಲಿಲ್ಲ. ಮೊದಲ ಸಲ ಕಡಲು ಕಂಡಾಗ ಆಕೆಯ ಮುಖ ಹೇಗಾಗುತ್ತದೋ, ಅದನ್ನು ಮಾಲವ್ವ ನೋಡುತ್ತಾಳಲ್ಲ ಎಂಬುದು ಎದೆಯಲ್ಲಿ ಮುಳ್ಳಾಡಿಸಿತು.

ಮನೆ ಮುಟ್ಟಿದಾಗ ಕಟ್ಟೆಯ ಮೇಲೆ ಮಾಲವ್ವನ ಗಂಡ ಸಾತಪ್ಪ, ಕೈಕಾಲು ತೊಳೆದು, ತಾಟು ಮುಂದಿಟ್ಟುಕೊಂಡು ಕೂತಿದ್ದ.

"ಬಾರಪಾ ದುಂಡೇಶಿ. ನಮ್ಮಾಕಿ, ತಾ ಬರೂಮಟಾ ನಿನ್ನ ಮನ್ಯಾಗ ಉಣ್ಣು ಅಂತ ಫೋನ್ ಮಾಡಿಸ್ಯಾಳ," ಎಂದ ಆತ. "ರಾತ್ರಿಗೆ ಏನ್ ಮಾಡಾಂವ?"