ಫೋನಿನಲ್ಲಿ ಕೂಗುವ ಹಕ್ಕಿ

ಹದಿನೇಳನೆಯ ‘ಟೊಕ್’ ಆದ ಮೇಲೆ ಹಕ್ಕಿ ಕೆಮ್ಮಿತು. ಒಂದು ಸಲವಲ್ಲ, ಎರಡು ಸಲ. ಆಮೇಲೆ ಗಂಟಲು ಸರಿಮಾಡಿಕೊಂಡು ಹದಿನೆಂಟನೆಯದನ್ನು ಕೂಗಿತು.

ನಾನು ಲಕ್ಕೂರಿನ ಬಳಿಯ ಕಾರ್ಖಾನೆಯೊಂದರಲ್ಲಿ ಬಿಸ್ಕತ್ತಿನ ತೇವಾಂಶ ಅಳೆಯುವವಳು. ಎಂ.ಎಸ್‌ಸಿ. ಓದಿದ್ದಕ್ಕೆ ಸಿಕ್ಕ ಕೆಲಸ. ಅಳೆಯುವವರಿಗೆ ಎಣಿಸುವ ಚಟವೂ ಅಂಟಿಕೊಳ್ಳುತ್ತದೆ, ಆದ್ದರಿಂದ ಹದಿನೇಳರ ಬಗ್ಗೆ ಅನುಮಾನ ಬೇಡ. ನನ್ನೂರು ಹೋಳೂರು. ಎರಡು ಬಸ್ಸು ಬದಲಾಯಿಸಿದರೆ ಸಿಗುವ ಊರಿಗಾಗಿ ಹಂಬಲಿಸುತ್ತೇನೆ ಎನ್ನಲು ನಾಚಿಕೆಯಾಗುತ್ತದೆ. ಅದು ಸಮುದ್ರ ದಾಟಿದವರಿಗೆ ಒಪ್ಪುವ ಮಾತು, ಕೋಲಾರ ದಾಟಿದವರಿಗಲ್ಲ.

ಪುಸ್ತಕದಲ್ಲಿ ಈ ಹಕ್ಕಿಯ ಹೆಸರು ನತ್ತಿಂಗ. ನಮ್ಮೂರಲ್ಲಿ ‘ಆ ಟೊಕ್ ಟೊಕ್ ಹಕ್ಕಿ’, ಅಷ್ಟೇ. ಹಗಲೆಲ್ಲ ತರಗೆಲೆಗಳ ನಡುವೆ ತಾನೂ ಒಂದು ತರಗೆಲೆಯಂತೆ ಬಿದ್ದಿದ್ದು, ದೀಪ ಹಚ್ಚುವ ಹೊತ್ತಿಗೆ ನಮ್ಮ ಹಿತ್ತಿಲಾಚೆಯ ನೀಲಗಿರಿ ತೋಪಿನಿಂದ ಕೂಗಲು ಶುರುಮಾಡುತ್ತಿತ್ತು. ಅಪ್ಪ ಊರಿನ ಹಾಲಿನ ಡೈರಿಯ ಕಾರ್ಯದರ್ಶಿ. ಸಂಜೆಯ ಹಾಲು ಅಳೆದು ಮುಗಿಸಿ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದರು. ಪಕ್ಕದಲ್ಲಿ ನಾನು. ಹಕ್ಕಿ ಕೂಗಿ ಮುಗಿಸಿದ ಮೇಲೆ ಅಪ್ಪ, "ಹೂಂ, ನಡಿಯಮ್ಮ" ಎನ್ನುತ್ತಿದ್ದರು. ಇಪ್ಪತ್ತು ವರ್ಷಗಳಲ್ಲಿ ನಮ್ಮಿಬ್ಬರ ನಡುವೆ ನಡೆದ ಸಂಭಾಷಣೆಯ ಸಾರಾಂಶ ಇದೇ. ನಾನೂ ಅವರ ಮಗಳೇ. ಈಗ ನಾನಿರುವ ಹಾಸ್ಟೆಲಿನ ಹುಡುಗಿಯರು ನನ್ನನ್ನು ‘ಸೈಲೆಂಟ್ ಮೋಡ್’ ಎಂದು ಕರೆಯುತ್ತಾರೆ.

ಕೆಲಸಕ್ಕೆ ಸೇರಿದ ಮೇಲೆ ದಿನವೂ ಆರೂಮುಕ್ಕಾಲಿಗೆ ಅಪ್ಪನಿಗೆ ಫೋನ್ ಮಾಡಿ, "ಕೂಗ್ತಿದ್ಯಾ?" ಎಂದು ಕೇಳುವುದು ರೂಢಿಯಾಯಿತು. ಅಪ್ಪ ಫೋನನ್ನು ತೋಪಿನ ಕಡೆಗೆ ಹಿಡಿಯುತ್ತಿದ್ದರು. ಕೆಲವು ದಿನ ಕಾಲು ಗಂಟೆ ಕಾದರೂ ಬರೀ ಗಾಳಿ. ಈಚೆಗೆ ಮಾತ್ರ, ನಾನು ಕೇಳಿದ ಮರುಕ್ಷಣವೇ ‘ಟೊಕ್’ ಶುರು. ಕಾರ್ಖಾನೆಯಲ್ಲಿ ತಪಾಸಣೆಯೆಂದು ಮೂರು ಭಾನುವಾರ ಊರಿಗೆ ಹೋಗಿರಲಿಲ್ಲ. ಪಾಪ, ಹಕ್ಕಿಗೂ ನನ್ನ ನೆನಪಾಗಿದೆ ಎಂದುಕೊಂಡೆ. ವಿಜ್ಞಾನ ಓದಿದವಳ ಬುದ್ಧಿ!

ಕೆಮ್ಮಿದ ಸಂಜೆ, "ಚೆನ್ನಾಗಿ ಕೂಗ್ತಪ್ಪ" ಎಂದು ಹೇಳಿ ಫೋನಿಟ್ಟು, ಅಮ್ಮನ ನಂಬರಿಗೆ ಮಾಡಿದೆ.

"ಅಮ್ಮಾ, ಹಿತ್ತಿಲಲ್ಲಿ ಯಾರಿದಾರೆ?"

"ಇನ್ಯಾರೇ? ನಿಮ್ಮಪ್ಪ. ತೋಪು ಕಿತ್ತು ಹದಿನೈದು ದಿನ ಆಯ್ತು ಕಣೇ, ಟೊಮ್ಯಾಟೊ ಹಾಕ್ತಾರಂತೆ. ಜೇಸಿಬಿ ಬಂದ ದಿನಾನೇ ಹಕ್ಕಿ ಹೋಯ್ತು. ‘ಮಗೂಗೆ ಹೇಳ್ಬೇಡ, ಹಕ್ಕಿ ಇಲ್ಲಾಂದ್ರೆ ಫೋನ್ ಮಾಡಲ್ಲ’ ಅಂತಾರೆ. ಹಾಲು ಅಳೀತಾ ಅಳೀತಾನೇ ನಾಲಗೆ ಲೊಟಕ್ ಲೊಟಕ್ ಅನ್ಸಿ ಪ್ರಾಕ್ಟೀಸು! ಹಾಲು ಹಾಕಕ್ಕೆ ಬಂದೋರೆಲ್ಲ, ‘ಏನ್ ಸೆಕ್ರೆಟ್ರೀ, ಎತ್ತು ಹೊಡೀತಿದೀಯಾ?’ ಅಂತ ನಗ್ತಾರೆ. ಪಿಚ್ಚಿ ಕಣೇ, ಅಪ್ಪ ಮಗಳು ಇಬ್ರಿಗೂ ಹುಚ್ಚು!"

ನಾನು ನಗಬೇಕೆಂದೇ ಬಾಯಿ ತೆರೆದೆ. ನಗು ಬರಲಿಲ್ಲ. ‘ಹಕ್ಕಿ ಇಲ್ಲಾಂದ್ರೆ ಫೋನ್ ಮಾಡಲ್ಲ’. ಫೋನಿನಲ್ಲಿ ಹಿಂದಿನ ಕರೆಗಳ ಪಟ್ಟಿ ತೆಗೆದು ನೋಡಿದೆ. ಎಲ್ಲವೂ ಆರೂಮುಕ್ಕಾಲಿನವೇ. ಅಷ್ಟು ಕರೆಗಳಲ್ಲಿ ಒಂದು ಸಲವೂ ನಾನು ಅಪ್ಪನನ್ನು ವಿಚಾರಿಸಿಕೊಂಡಿರಲಿಲ್ಲ. ನನಗೆ ಬೇಕಾಗಿದ್ದದ್ದು ಆ ಕಲ್ಲಿನ ಮೇಲೆ ಅವರ ಪಕ್ಕದ ಜಾಗ. ಅದನ್ನು ಬಾಯಿಬಿಟ್ಟು ಕೇಳುವುದಕ್ಕಿಂತ ಹಕ್ಕಿಯನ್ನು ಕೇಳುವುದು ಸುಲಭವಾಗಿತ್ತು.

ಮರುದಿನ ಬೆಳಿಗ್ಗೆ ಏಳೂವರೆಗೆ, ಯಾವ ನತ್ತಿಂಗವೂ ಕೂಗದ ಹೊತ್ತಿನಲ್ಲಿ, ಬಸ್ ಸ್ಟಾಪಿನಲ್ಲಿ ಕೂತು ಅಪ್ಪನಿಗೆ ಫೋನ್ ಮಾಡಿದೆ.

"ಏನಮ್ಮಾ, ಹುಷಾರಿಲ್ವಾ?" ಎಂದು ಗಾಬರಿಯಾದರು.

"ಚೆನ್ನಾಗಿದೀನಪ್ಪ. ಸುಮ್ನೆ ಮಾಡ್ದೆ."

"ಸುಮ್ನೇನಾ?"

"ಹೂಂ. ತಿಂಡಿ ಆಯ್ತಾ?"

"ಆಯ್ತು."

ಅಲ್ಲಿಗೆ ಇಬ್ಬರ ಬಂಡವಾಳವೂ ಮುಗಿಯಿತು. ಅಪ್ಪ, "ಫೋನ್ ಇಡ್ಲಾ?" ಎಂದರು. "ಬೇಡ, ಇರ್ಲಿ" ಎಂದೆ. ಅವರೂ ಇಡಲಿಲ್ಲ. ನಾಲ್ಕು ನಿಮಿಷ ಹನ್ನೆರಡು ಸೆಕೆಂಡು ಇಬ್ಬರೂ ಏನೂ ಮಾತಾಡದೆ ಕೂತಿದ್ದೆವು. ಅಷ್ಟರಲ್ಲಿ ಕಾರ್ಖಾನೆಯ ಬಸ್ಸು ನನ್ನ ಮುಂದೆಯೇ ಬಂದು, ನಿಂತು, ಹಾರ್ನ್ ಹೊಡೆದು, ನನ್ನನ್ನು ಬಿಟ್ಟು ಹೋಯಿತು.