ಪಿಸುಮಾತಿನ ಬ್ರಹ್ಮ

ನಮ್ಮ ಭಾವ ಹುಟ್ಟಿದಾಗಿನಿಂದ ಸ್ವಂತದ್ದು ಅಂತ ಒಂದೇ ಒಂದು ಮಾತನ್ನೂ ಆಡಿದವರಲ್ಲ ಎಂದರೆ ನೀವು ನಂಬುವುದಿಲ್ಲ. ಹಾಗಾದರೆ ಮೂಗರೇ ಎಂದು ಕೇಳಬೇಡಿ! ಅವರ ಬಾಯಿ ಮುಚ್ಚಿದ್ದನ್ನು ಶಿಡ್ಲಘಟ್ಟದಲ್ಲಿ ಕಂಡವರೇ ಇಲ್ಲ. ಆದರೆ ಅದರಿಂದ ಹೊರಬೀಳುವುದೆಲ್ಲ ತೀರಿಕೊಂಡ ಒಬ್ಬ ನಗೆನಾಟಕಕಾರರ ಮಾತು. ಭಾವ ಅವರನ್ನು ಕರೆಯುವುದು ‘ಗುರುಗಳು’ ಎಂದು. ಗುರುಗಳು ಇವರನ್ನು ಏನೆಂದು ಕರೆಯುತ್ತಿದ್ದರೋ ಗೊತ್ತಿಲ್ಲ, ಏಕೆಂದರೆ ಇಬ್ಬರೂ ಭೇಟಿಯಾಗಿಯೇ ಇರಲಿಲ್ಲ.

ನಮ್ಮಕ್ಕನನ್ನು ನೋಡಲು ಬಂದ ದಿನವೇ ಇದು ನಮಗೆ ತಿಳಿಯಬೇಕಿತ್ತು. ಉಪ್ಪಿಟ್ಟು ಮುಗಿದ ಮೇಲೆ ನಮ್ಮ ತಂದೆ ಗಂಭೀರವಾಗಿ, “ಹುಡುಗಿ ಒಪ್ಪಿಗೆಯೇನಪ್ಪಾ?” ಎಂದರು. ಭಾವ ಅಷ್ಟೇ ಗಂಭೀರವಾಗಿ, “ಹುಡುಗಿ ಒಪ್ಪಿಗೆ. ಉಪ್ಪಿಟ್ಟಿನ ಮನಸ್ಸು ತಿಳಿಯಬೇಕಾದರೆ ಮಾತ್ರ ಇನ್ನೊಂದು ಸಲ ಭೇಟಿಯಾಗಬೇಕು” ಎಂದುಬಿಟ್ಟರು. ತಂದೆಯ ಮುಖ ಕೆಂಪಾಯಿತು. ಆದರೆ ಬಾಗಿಲ ಹಿಂದಿನಿಂದ ಅಕ್ಕ ‘ಕಿಸಕ್’ ಎಂದಳು. ಹಾಗೆ ನಗದೇ ಇದ್ದಿದ್ದರೆ ಅವಳಿಗೆ ಬೇರೆ ಗಂಡ ಸಿಗುತ್ತಿದ್ದನೋ ಏನೋ!

ಅವರ ಕೆಲಸ ರೇಷ್ಮೆ ಇಲಾಖೆಯಲ್ಲಿ. ಊರೂರು ಸುತ್ತಿ ರೈತರಿಗೆ ಹುಳು ಸಾಕಣೆಯ ಸಲಹೆ ಕೊಡುವುದು. ದಿಬ್ಬೂರಹಳ್ಳಿಯ ಕಡೆ ಹೋದರೆಂದರೆ ಸಲಹೆ ಅರ್ಧ ಗಂಟೆ, ಗುರುಗಳ ನಾಟಕ ಎರಡು ಗಂಟೆ. ಪೊರೆ ಬಿಡುವ ಮುಂಚೆ ಹುಳುಗಳು ತಲೆಯೆತ್ತಿ ಅಲ್ಲಾಡದೆ ಕೂರುವುದಕ್ಕೆ ನಮ್ಮ ಕಡೆ ‘ಜ್ವರ’ ಅನ್ನುತ್ತಾರೆ. ಒಮ್ಮೆ ಒಬ್ಬ ಅಜ್ಜಿ ಭಾವನವರನ್ನು ಕೈಹಿಡಿದು ಮನೆಯಿಂದ ಹೊರಗೆ ಕರೆತಂದಳಂತೆ. “ಹುಳ ಜ್ವರಕ್ಕೆ ಕೂತವೆ ಸಾಮಿ. ಆಚೆ ನಿಂತ್ಕಂಡು ನಗ್ರಿ.”

ಗುರುಗಳು ತೀರಿಕೊಂಡ ದಿನವನ್ನು ಪ್ರತಿವರ್ಷ ಆಚರಿಸುವವರು ನಾವು ಹದಿನೇಳು ಜನ. ಸ್ಥಳ, ಪ್ಯಾರೇಜಾನ್ ಸಾಹೇಬರ ನೂಲು ತೆಗೆಯುವ ಕಾರ್ಖಾನೆಯ ಮಹಡಿ. ಅವರ ಮನೆಮಾತು ಉರ್ದು; ಅವರ ನಗು ಮಾತ್ರ ಶುದ್ಧ ಕನ್ನಡ. ಭಾವ ಹಾಕಿದ ನಿಯಮ ಒಂದೇ. ಅಲ್ಲಿ ಯಾರೂ ದುಃಖಪಡಬಾರದು. ‘ತುಂಬಲಾರದ ನಷ್ಟ’ ಎಂದವರು ಎಲ್ಲರ ಕಾಫಿ ಲೋಟ ತೊಳೆಯಬೇಕು. ಒಂದು ವರ್ಷ ನಿವೃತ್ತ ಹೆಡ್‌ಮಾಸ್ಟರೊಬ್ಬರನ್ನು ಅತಿಥಿಯಾಗಿ ಕರೆದೆವು. ಪಾಪ, ನಿಯಮ ಅವರಿಗೆ ಗೊತ್ತಿರಲಿಲ್ಲ. ಮೊದಲ ವಾಕ್ಯದಲ್ಲೇ ನಷ್ಟ ತುಂಬಲಾರದಾಯಿತು! ಶಾಲು ಹೊದೆಸಿಕೊಂಡೇ ಹದಿನೇಳು ಲೋಟ ತೊಳೆದರು. ಮುಂದಿನ ವರ್ಷ ಕರೆಯದೆಯೇ ಬಂದರು. ಅಲ್ಲಿಗೆ ನಾವು ಹದಿನೆಂಟಾದೆವು.

ವರ್ಷಕ್ಕೊಂದು ಗುರುಗಳ ನಾಟಕವನ್ನೂ ಆಡುತ್ತಿದ್ದೆವು. ನಮ್ಮ ಖಾಯಂ ನಾಟಕದಲ್ಲಿ ಹಣೆಬರಹ ಬರೆಯುವ ಬ್ರಹ್ಮನ ಅಕ್ಷರ ಕೆಟ್ಟದಾಗಿದೆಯೆಂದು ಚಿತ್ರಗುಪ್ತ ದೂರು ಕೊಡುತ್ತಾನೆ. ಬ್ರಹ್ಮ ಸಸ್ಪೆಂಡ್ ಆಗಿ ಕಾಪಿ ಪುಸ್ತಕ ತಿದ್ದಲು ಕೂರುತ್ತಾನೆ. ಚಿತ್ರಗುಪ್ತ ಪ್ಯಾರೇಜಾನ್ ಸಾಹೇಬರು. ಬ್ರಹ್ಮ ಜಂಗಮಕೋಟೆಯ ರೈತ ಮುನಿಶಾಮಪ್ಪ. ಆರಡಿ ಆಳು, ಕಹಳೆಯಂಥ ಗಂಟಲು. ಭಾವ ಪರದೆಯ ಪಕ್ಕ ನಿಂತು ಮಾತು ಹೇಳಿಕೊಡುವವರು. ಕೈಯಲ್ಲೊಂದು ಪುಸ್ತಕ ಇರುತ್ತಿತ್ತು, ಶೋಭೆಗೆ. ಒಮ್ಮೆ ಇಣುಕಿ ನೋಡಿದರೆ ಅದು ಹುಳುಗಳ ರೋಗನಿವಾರಣೆಯ ಕೈಪಿಡಿ!

ತೊಂದರೆಯೆಂದರೆ, ತಾವು ಹೇಳಿಕೊಡುವ ಮಾತಿಗೆ ಮೊದಲು ಅವರೇ ನಗುತ್ತಿದ್ದರು. ಅವರು ನಕ್ಕು, ಕಣ್ಣೊರೆಸಿ, ಸುಧಾರಿಸಿಕೊಳ್ಳುವ ತನಕ ಬ್ರಹ್ಮ ಸೃಷ್ಟಿಕಾರ್ಯವನ್ನೆಲ್ಲ ನಿಲ್ಲಿಸಿ ಕಂಬದಂತೆ ನಿಂತಿರಬೇಕು. ಗೌರಿಬಿದನೂರಿನಲ್ಲಿ ಆಡಿದಾಗ ಕನ್ನಡಕದ ಹುಡುಗನೊಬ್ಬ ಬಂದು ನಮ್ಮ ಕೈಕುಲುಕಿದ. “ಆ ಮೌನಗಳು ಇದಾವಲ್ಲ ಸಾರ್, ತುಂಬಾ ಆಧುನಿಕ” ಎಂದ.

ಇಷ್ಟೆಲ್ಲ ನಗುವಿನ ನಡುವೆ ಭಾವನವರಿಗೆ ಒಂದು ಕೊರಗಿತ್ತು. ಗುರುಗಳ ಹೆಂಡತಿ ಚಿಂತಾಮಣಿಯಲ್ಲಿ ಮಗಳ ಮನೆಯಲ್ಲಿದ್ದರು. ಗಂಡ ಹೋದ ಮೇಲೆ ಆಕೆ ಅವರ ಒಂದು ನಾಟಕವನ್ನೂ ನೋಡಿರಲಿಲ್ಲ. ಆಕೆ ನಕ್ಕಿದ್ದನ್ನು ಕಂಡವರೂ ಇರಲಿಲ್ಲವಂತೆ. ಭಾವ ತಿಂಗಳಿಗೊಂದು ಕಾರ್ಡು ಬರೆದು ಕರೆಯುತ್ತಿದ್ದರು. ಪ್ರತಿಸಲವೂ ಒಂದೇ ಸಾಲಿನ ಉತ್ತರ: ‘ಮೊಣಕಾಲು ನೋವು.’

“ಬಿಟ್ಟುಬಿಡಿ ಭಾವ. ಆಕೆಗೆ ಬೇಜಾರಾಗಿರಬಹುದು” ಎಂದೆ ನಾನು.

“ಅಲ್ಲ ಕಣೋ, ಊರನ್ನೆಲ್ಲ ನಗಿಸಿದೋರ ಮನೇಲೇ ನಗು ನಿಂತೋದ್ರೆ ಹೆಂಗೋ? ನಮ್ಮ ನಾಟಕಕ್ಕೆ ಆ ತಾಯಿ ಒಂದ್ಸಲ ನಗಬೇಕು. ಒಂದೇ ಸಲ.”

“ಇದು ಯಾವ ನಾಟಕದ್ದು ಭಾವ?”

“ನಂದೇ ಕಣೋ” ಎಂದು ಮುಖ ತಿರುಗಿಸಿಕೊಂಡರು. ನನಗೆ ಗಾಬರಿಯಾಯಿತು. ಇಂಥವರು ಸ್ವಂತ ಮಾತಾಡುವ ಸ್ಥಿತಿಗೆ ಬಂದರೆಂದರೆ ವಿಷಯ ಸಣ್ಣದಲ್ಲ!

ಕಾರ್ಡು ಶುರುವಾದ ಮೂರನೆಯ ವರ್ಷ ಉತ್ತರ ಬದಲಾಯಿತು. ‘ನೋವು ಹಾಗೇ ಇದೆ. ಬರುತ್ತೇನೆ.’

ಆ ಭಾನುವಾರ ಮಧ್ಯಾಹ್ನ ಶಾಲೆಯ ಹಾಲಿನಲ್ಲಿ ನಾಟಕ. ಬಿಳಿ ಸೀರೆಯ, ಗುಬ್ಬಚ್ಚಿಯಂಥ ಆಕೆ ಚಿಂತಾಮಣಿ ಬಸ್ಸಿನಿಂದಿಳಿದು ಮೊದಲ ಸಾಲಿನಲ್ಲಿ ಕೂತರು. ವೇದಿಕೆಗೂ ಆಕೆಗೂ ಎರಡು ಮಾರಿನ ಅಂತರವಿಲ್ಲ. ಎಲ್ಲ ಸರಿಯಾಗಿಯೇ ಇತ್ತು. ಎಲ್ಲ ಸರಿಯಾಗಿದ್ದರೆ ನನಗೆ ಭಯ. ಅಷ್ಟರಲ್ಲಿ ಡೇರಿ ವ್ಯಾನಿನವನು ಸುದ್ದಿ ತಂದ. “ಮುನಿಶಾಮಣ್ಣ ಬರಲ್ವಂತೆ ಸಾ. ಹುಳ ಹಣ್ಣಾಗಿದಾವಂತೆ.”

ಹಣ್ಣಾಗಿ ನೂಲು ಬಿಡಲು ತಯಾರಾದ ಹುಳು ಯಾರ ಮಾತೂ ಕೇಳುವುದಿಲ್ಲ. ಆ ಗಳಿಗೆಯಲ್ಲೇ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಇಲ್ಲವೆಂದರೆ ಒಂದು ತಿಂಗಳ ದುಡಿಮೆ ನೆಲದ ಪಾಲು. ಭಾವ ಕೂಗಾಡಿದರು. “ಈ ಬಿಸಿಲಲ್ಲಿ ಇವತ್ತೇ ಹಣ್ಣಾಗ್ತವೆ ಅಂತ ಗೊತ್ತಾಗಲ್ವೇನಯ್ಯ ಅವನಿಗೆ?”

“ಮಂಗಳವಾರಕ್ಕೆ ಹಣ್ಣಾಗೋದು ಅಂತ ಹೋದ ವಾರ ನೀವೇ ಬಂದು ಬರೆದುಕೊಟ್ಟು ಹೋಗಿದ್ರಂತೆ, ಸಾ.”

ಭಾವ ಕೂತುಬಿಟ್ಟರು. ಅಂದು ಸಲಹೆ ಐದು ನಿಮಿಷ, ನಾಟಕ ಎರಡು ಗಂಟೆ ಆಗಿರಬೇಕು!

“ಸೋಚೋದು ಏನ್ ಸಾಬ್ ಇದರಲ್ಲಿ? ಪೂರಾ ನಾಟಕ ನಿಮ್ ತಲೇಲಿ ಐತೆ. ಗಡ್ಡ ಹಾಕ್ಕೊಳ್ಳಿ” ಎಂದರು ಪ್ಯಾರೇಜಾನ್ ಸಾಹೇಬರು.

ಮುನಿಶಾಮಪ್ಪನ ಅಳತೆಯ ಗಡ್ಡ ಭಾವನವರ ಮೊಣಕಾಲಿಗೆ ಬಂತು. ಮಾತು ಹೇಳಿಕೊಡುವ ಜಾಗಕ್ಕೆ, ನಾಟಕದ ನಿಜವಾದ ಪುಸ್ತಕ ಹಿಡಿದು, ನಾನು. ಪರದೆ ಎದ್ದಿತು. ಬ್ರಹ್ಮ ರಟ್ಟಿನ ಕಮಲದ ಮೇಲೆ ಕೂತು ಬಾಯಿ ತೆರೆದ. ತುಟಿ ಆಡಿತು, ಗಡ್ಡ ಅಲ್ಲಾಡಿತು, ಮಾತು ಮಾತ್ರ ಕೇಳಿಸಲಿಲ್ಲ!

ನನಗೆ ತಕ್ಷಣ ಹೊಳೆಯಿತು. ಹದಿನೈದು ವರ್ಷ ಪರದೆಯ ಪಕ್ಕ ನಿಂತವರಿಗೆ, ರೈತರ ಮನೆಗಳಲ್ಲಿ ಎಷ್ಟು ಹರಟಿದರೂ, ವೇದಿಕೆಯ ಹತ್ತಿರ ಗುರುಗಳ ನಾಟಕ ಬರುವುದು ಪಿಸುಗುಟ್ಟಿ ಮಾತ್ರ. ಅಲ್ಲಿ ಗಟ್ಟಿಯಾಗಿ ಹೇಳುವುದು ಅವರ ಗಂಟಲಿಗೇ ಗೊತ್ತಿಲ್ಲ. ಹಿಂದಿನಿಂದ ಕೂಗು ಶುರುವಾಯಿತು. “ಕೇಳಿಸ್ತಿಲ್ರಪ್ಪೋ!” “ಗಟ್ಟಿಗಾ ಚೆಪ್ಪಂಡ್ರಾ!” ಗಾಬರಿಯಲ್ಲಿ ಬ್ರಹ್ಮ ತನ್ನ ಮಾತಿನ ಜೊತೆಗೆ ಚಿತ್ರಗುಪ್ತನ ಮಾತನ್ನೂ ಪಿಸುಗುಟ್ಟತೊಡಗಿದ.

“ನಂದು ನನಗೇ ಬಿಡಿ ಸಾಬ್. ನಿಮ್ದು ಹೇಳಿ!” ಎಂದ ಚಿತ್ರಗುಪ್ತ, ಇಡೀ ಹಾಲಿಗೆ ಕೇಳುವಂತೆ.

ಇನ್ನೇನು ಮಾಡಲಿ? ಬ್ರಹ್ಮನ ಮಾತುಗಳನ್ನೆಲ್ಲ ನಾನೇ ಪರದೆಯ ಪಕ್ಕದಿಂದ ಅರಚಿದೆ. ನನ್ನ ದನಿ ನಡುಗಿದಾಗ ಬ್ರಹ್ಮನ ಕೈ ಸ್ಥಿರವಾಗಿರುತ್ತಿತ್ತು. ಬ್ರಹ್ಮ ಸಿಟ್ಟಾದಾಗ ನನ್ನ ಪುಟ ತಪ್ಪುತ್ತಿತ್ತು. ಜನ ಕುರ್ಚಿಯಿಂದ ಉರುಳಿ ನಕ್ಕರು. ಗುರುಗಳ ನಾಟಕಕ್ಕೆ ಅಂಥ ನಗು ನಾನೆಂದೂ ಕೇಳಿರಲಿಲ್ಲ.

ಆದರೆ ಮೊದಲ ಸಾಲಿನತ್ತ ಇಣುಕಿ ನೋಡಿದೆ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಭುಜ ಅದುರುತ್ತಿತ್ತು. ಕಣ್ಣಿಂದ ನೀರು ಸುರಿಯುತ್ತಿತ್ತು.

ಭಾವ ಕೂಡ ಕಂಡಿದ್ದರು. ಪರದೆ ಬಿದ್ದ ಮೇಲೆ ಕಮಲದಿಂದ ಏಳಲೇ ಇಲ್ಲ. “ಅಳಿಸಿಬಿಟ್ನಲ್ಲೋ” ಎಂದರು. “ನಗಿಸ್ತೀನಿ ಅಂತ ಕರೆಸಿ ಅಳಿಸಿಬಿಟ್ನಲ್ಲೋ.” ಸಮಾಧಾನ ಹೇಳಲು ನನಗೆ ಯಾವತ್ತೂ ಬರುವುದಿಲ್ಲ. “ನಾಳೆ ಕಾರ್ಡು ಬರೆದು ಕ್ಷಮೆ ಕೇಳೋಣ ಭಾವ” ಎಂದೆ.

ಅಷ್ಟರಲ್ಲಿ ಆಕೆಯೇ ಗೋಡೆ ಹಿಡಿದುಕೊಂಡು ಒಳಗೆ ಬಂದರು. “ಬ್ರಹ್ಮ ಎಲ್ಲಪ್ಪಾ?”

ಭಾವ ಎದ್ದು ನಿಂತರು. ಗಡ್ಡ ಒಂದು ಕಿವಿಯಿಂದ ಜೋತಾಡುತ್ತಿತ್ತು. “ತಪ್ಪಾಯ್ತಮ್ಮ. ಗಂಟಲೇ ಏಳಲಿಲ್ಲ...”

“ಏಳದಿದ್ದದ್ದೇ ಒಳ್ಳೇದಾಯ್ತು. ನಮ್ಮ ಮಾವನೋರು ಎರಡು ಹೊತ್ತೂ ಪೂಜೆಗೆ ಕೂರೋರು. ಮಗ ಬ್ರಹ್ಮನ್ನೇ ಸಸ್ಪೆಂಡ್ ಮಾಡಿಸ್ತಾನೆ ಅಂತ ಗೊತ್ತಾಗಿದ್ರೆ ಇಬ್ರನ್ನೂ ಆಚೆಗೆ ಹಾಕೋರು. ಅದಕ್ಕೇ ಇವ್ರು ಹೊಸದು ಬರೆದಾಗೆಲ್ಲ ಅಡುಗೆಮನೆಗೆ ಬಂದು, ನನ್ನ ಕಿವೀಲಿ ಪಿಸಪಿಸ ಅಂತ ಓದೋರು. ನಾನು ಸೆರಗು ಬಾಯಿಗೆ ತುರುಕ್ಕೊಂಡು ನಗ್ತಿದ್ದೆ. ನಂಗೆ ಬರೋ ನಗು ಅದೊಂದೇ. ಸ್ಟೇಜಿನ ಮೇಲೆ ಗಟ್ಟಿಯಾಗಿ ಕೇಳಿದ್ರೆ ಬೇರೆ ಯಾರದೋ ನಾಟಕ ಅನ್ಸೋದು. ಅದಕ್ಕೇ ಹೋಗ್ತಿರ್ಲಿಲ್ಲ.” ಸ್ವಲ್ಪ ಉಸಿರು ತೆಗೆದುಕೊಂಡರು. “ಇವತ್ತು ಅವರದೇ ಕೇಳ್ದಂಗಾಯ್ತು. ಪಕ್ಕದಲ್ಲಿ ಯಾವನೋ ಪುಣ್ಯಾತ್ಮ ಅರಚ್ತಿದ್ನಲ್ಲ, ಅವನ ಕಾಟಕ್ಕೆ ಎರಡು ಮಾತು ತಪ್ಪಿಹೋಯ್ತು.”

ಪುಣ್ಯಾತ್ಮ ಮೆಲ್ಲಗೆ ಚಿತ್ರಗುಪ್ತನ ಹಿಂದೆ ಸರಿದ.

“ಆ ಕಾಪಿ ಪುಸ್ತಕದ ಹತ್ರದ್ದು. ಇನ್ನೊಂದ್ಸಲ ಹೇಳ್ತೀಯಾಪ್ಪ?”

ಭಾವ ಬಗ್ಗಿ ಆಕೆಯ ಕಿವಿಯಲ್ಲಿ ಹೇಳಿದರು. ಏನು ಹೇಳಿದರೋ ನಮಗ್ಯಾರಿಗೂ ಕೇಳಿಸಲಿಲ್ಲ. ಆಕೆಯ ಕೈ ಸೆರಗಿಗೆ ಹೋಯಿತು, ಅಲ್ಲೇ ನಿಂತಿತು. “ಈಗ ಯಾರಿದಾರೆ ಬಯ್ಯೋಕೆ?” ಎಂದರು. ಸೆರಗು ಬಿಟ್ಟು ನಕ್ಕರು. ಹೊರಗೆ ಕುರ್ಚಿ ಮಡಚುತ್ತಿದ್ದವರು ನಿಂತು ನೋಡುವಷ್ಟು ಗಟ್ಟಿಯಾಗಿ.

ಆಮೇಲೆ ರಟ್ಟಿನ ಕಮಲದ ಮೇಲೆ ಕೂತು, ಮೊಣಕಾಲು ನೀವಿಕೊಳ್ಳುತ್ತಾ, “ಹೂಂ, ಇನ್ನೊಂದು?” ಎಂದರು. ಭಾವ ಮತ್ತೆ ಬಗ್ಗಿದರು.

ಚಿಂತಾಮಣಿಯ ಬಸ್ಸಿಗೆ ಐದೇ ನಿಮಿಷ ಉಳಿದಿತ್ತು. ಅದನ್ನು ಹೇಳಬೇಕಾದವನು ನಾನು. ಹೇಳಲಿಲ್ಲ.