ಕೆಂಪು ಬಣ್ಣ ಸಾಲದ ಊರು

ನೀರಲ್ಲಿ ಆರ್ಸೆನಿಕ್ ವಿಷವುಳ್ಳ ಕೈಪಂಪಿಗೆ ಕೆಂಪು, ವಿಷವಿಲ್ಲದ್ದಕ್ಕೆ ಹಸಿರು ಬಳಿಯತಕ್ಕದ್ದೆಂದು ಮೇಘನಾ ನದಿ ಕಡಲು ಸೇರುವ ಸೀಮೆಯಲ್ಲಿ ನಿಯಮವಿದೆ. ಕಾಶಿಪುಕುರ್ ಊರಿಗೆ ಬಂದ ಕೆಂಪು ಬಣ್ಣ ಬಹುಪಾಲು ಪಂಚಾಯ್ತಿ ಅಧ್ಯಕ್ಷ ಲುತ್ಫರ್ ತಾಲುಕ್‌ದಾರರ ದೋಣಿಗೆ ವಿನಿಯೋಗವಾದುದರಿಂದ, ಮೊದಲ ಪಂಪಿಗೇ ಡಬ್ಬ ಬರಿದಾಯಿತು. ಉಳಿದ ಪಂಪುಗಳೆಲ್ಲ ಹಸಿರು ಬಳಿಸಿಕೊಂಡು ತತ್‌ಕ್ಷಣದಿಂದ ವಿಷಮುಕ್ತವಾದವು.

ಆ ಒಂದು ಕೆಂಪು ಪಂಪು ಮರ್ಜಿನಾ ಬೀಬಿಯದು. ಆ ನೀರಿನ ವಿಷಕ್ಕೆ ಮೊಮ್ಮಗಳು ಟುನಿಯ ಅಂಗೈಯಲ್ಲಿ ಕಪ್ಪು ಚುಕ್ಕೆಗಳು ಎದ್ದಿದ್ದವು. ಮುದುಕಿ ಮಗುವನ್ನು ಎಳಕೊಂಡೇ ಅಧ್ಯಕ್ಷರ ಕಚೇರಿಗೆ ಹೋದಳು.

"ಸಾಹೇಬ್ರೇ, ವಿಷ ಇರೋದು ಮೇಲಿನ ನೀರಲ್ಲಿ ಮಾತ್ರ ಅಂತೆ. ಆಳಕ್ಕೆ ಕೊರೆಸಿ ಒಂದು ಪಂಪು ಹಾಕಿಸ್ಕೊಡಿ."

"ಖಾಲಾ," ಎಂದು ಅಧ್ಯಕ್ಷರು ಚಿಕ್ಕಮ್ಮನೆಂಬಂತೆ ಕರೆದರು, "ಊರು ಅರ್ಧ ಕೆಂಪಾದ್ರೆ ಮಾತ್ರ ಆಳದ ಪಂಪು. ನಮ್ದು ಹಸಿರು ಊರು. ಪಕ್ಕದ ಸುಲೇಮಾನನ ಮನೇಲಿ ನೀರು ಹಿಡ್ಕೊಳ್ಳಿ."

"ಅವನ ಕೈಲೂ ಚುಕ್ಕೆ ಇದಾವಲ್ಲ?"

"ಅವು ಹಸಿರು ಪಂಪಿನ ಚುಕ್ಕೆ. ಏನೂ ಆಗಲ್ಲ."

"ನಿಮ್ಮ ದೋಣಿ ಕೆಂಪಗಿದೆ. ಅದರಲ್ಲೂ ವಿಷ ಇದೆಯಾ?"

"ದೋಣಿ ನೀರು ಕುಡಿಯಲ್ಲ ಖಾಲಾ," ಎಂದು ಅಧ್ಯಕ್ಷರು ತಾಳ್ಮೆಯಿಂದ ತಿಳಿಹೇಳಿದರು.

ಅಷ್ಟರಲ್ಲಿ ಢಾಕಾದಿಂದ ಅಧಿಕಾರಿ ಬರುವರೆಂದೂ, ಜನರ ಅಂಗೈ ನೋಡಿ ಆಳದ ಪಂಪಿನ ವಿಚಾರ ತೀರ್ಮಾನಿಸುವರೆಂದೂ ಸುದ್ದಿಯಾಯಿತು. ಮರ್ಜಿನಾಗೆ ಹೋದ ಜೀವ ಬಂದಂತಾಯಿತು. ಮರುದಿನವೇ ಅಧ್ಯಕ್ಷರು ರಿಕ್ಷಾಕ್ಕೆ ಕಟ್ಟಿಸಿದ ಮೈಕು ಊರು ಸುತ್ತಿತು: "ಸನ್ಮಾನ್ಯ ಅತಿಥಿಗಳ ಗೌರವಾರ್ಥ ಸಕಲರೂ, ಗಂಡಸರು ಸಮೇತ, ಎರಡೂ ಅಂಗೈಗೆ ಒತ್ತಾಗಿ ಮದರಂಗಿ ಹಚ್ಚಿಕೊಳ್ಳತಕ್ಕದ್ದು. ಸೊಪ್ಪು ಉಚಿತ."

ಬಿಟ್ಟಿ ಸಿಕ್ಕರೆ ಯಾರು ಬಿಡುತ್ತಾರೆ? ಅರೆದಾಗ ಹಸಿರಾಗಿದ್ದದ್ದು ಕೈಯಲ್ಲಿ ಕೆಂಪಾಗಿ, ಚುಕ್ಕೆಗಳೆಲ್ಲ ಅಡಗಿದವು. ಟುನಿ ನೆಲಕ್ಕೆ ಬಿದ್ದು ಹೊರಳಾಡಿ ಅತ್ತರೂ ಮರ್ಜಿನಾ ಹಚ್ಚಲಿಲ್ಲ.

ಅಧಿಕಾರಿ ಬಂದರು. ಸಾಲಾಗಿ ಚಾಚಿದ ಕೆಂಪು ಕೈಗಳನ್ನು ಮೆಚ್ಚಿಕೊಂಡು, ಟುನಿಯ ಬರಿಗೈ ಮುಂದೆ ನಿಂತರು. ಮರ್ಜಿನಾ ಮಗುವಿನ ಅಂಗೈ ಎತ್ತಿ ಹಿಡಿದಳು.

"ಊರಲ್ಲಿ ಕೆಂಪು ಪಂಪು ಎಷ್ಟು?"

"ಒಂದೇ ಸಾರ್, ಇವರದ್ದೇ," ಎಂದರು ಅಧ್ಯಕ್ಷರು.

"ಚುಕ್ಕೆ ಕೈಯೂ ಒಂದೇ ಮನೇದು. ಬಣ್ಣ ಎಷ್ಟು ಕರಾರುವಾಕ್ಕಾಗಿ ಹೊಡೆದಿದೀರಿ! ಒಂದು ಪಂಪಿಗೋಸ್ಕರ ಊರಿಗೆ ಕೆಟ್ಟ ಹೆಸರು ಯಾಕೆ? ಹಸಿರು ಉಳಿದಿದೆಯಾ?"

ಬೇಕಾದಷ್ಟು ಉಳಿದಿತ್ತು. ಸಂಜೆಯೊಳಗೆ ಮರ್ಜಿನಾಳ ಪಂಪೂ ಹಸಿರಾಯಿತು. ಊರು ಸಂಪೂರ್ಣ ವಿಷಮುಕ್ತವೆಂದು ಮೈಕು ಸಾರಿತು, ರಸಗುಲ್ಲ ಹಂಚಿದರು. ಉಳಿದ ಮದರಂಗಿಯನ್ನು ಅಧ್ಯಕ್ಷರೇ ಟುನಿಯ ಕೈಗೆ ಮೆತ್ತಿದರು.

ಮರ್ಜಿನಾ ಕೊಡ ಹಿಡಿದು ಹೋದಾಗ ಸುಲೇಮಾನ್ ಕೆಂಪು ಕೈಯನ್ನು ಬಾಗಿಲಿಗೆ ಅಡ್ಡ ಇಟ್ಟ. "ನಿಮ್ದೂ ಹಸಿರಾಯ್ತಲ್ಲ ಖಾಲಾ, ಇನ್ನು ನಮ್ಮನೆಗ್ಯಾಕೆ?"

ನ್ಯಾಯವಾದ ಮಾತು. ಅವಳು ವಾಪಸು ಬಂದಳು.

"ನಾನಿ, ಬಾಯಾರಿಕೆ," ಎಂದು ಟುನಿ ಅಜ್ಜಿಯನ್ನು ಕರೆದಳು. "ಕೈಯೆಲ್ಲ ಮದರಂಗಿ, ನೀನೇ ಕುಡಿಸು."

ಮರ್ಜಿನಾ ತನ್ನದೇ ಪಂಪು ಒತ್ತಿದಳು. ಹಸಿಬಣ್ಣ ಅವಳ ಅಂಗೈಗೂ ಹತ್ತಿತು.